ಅತ್ತೆಯ ಜತೆ ಜಗಳವಾಡಲು ಅನುಮತಿ ಕೋರಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ಜ್ವರ ಹರಡುತ್ತಿದೆಯೆಂದು ಆಸ್ಪತ್ರೆಯ ವಾರ್ಡಿಗೆ ಸಂಬಂಧಿಕರು ಯಾರೂ ಕಾಲಿಡಬಾರದೆಂದು ತಾವು ಆದೇಶ ಹೊರಡಿಸಿದಿರಿ. ನನ್ನ ಅತ್ತೆ ಊಟ ಬಿಟ್ಟರು. ಜ್ವರದಿಂದಲ್ಲ, ತಮ್ಮ ಆದೇಶದಿಂದ.

ಮೊದಲು ನ್ಯಾಯದ ಮಾತು ಆಡಿಬಿಡುತ್ತೇನೆ. ಆದೇಶಕ್ಕೆ ಕಾರಣವಿತ್ತು. ಸೊಂಟದ ಮೂಳೆ ಮುರಿದು ಅತ್ತೆ ದಾಖಲಾದ ದಿನ ನಮ್ಮ ಇಡೀ ಬಳಗ ಮಂಚದ ಸುತ್ತ ಮುತ್ತಿಗೆ ಹಾಕಿತ್ತು. ನಮ್ಮ ಭಾವನವರಂತೂ ಪಕ್ಕದ ರೋಗಿಯ ಹಾಸಿಗೆಯ ಮೇಲೆ ಆರಾಮಾಗಿ ಕೂತು ಸೀನಿದರು. ಆ ಬಡಪಾಯಿಗೆ ಮರುವಾರವೇ ಜ್ವರ. ನಿಷೇಧದ ನಂತರ ವಾರ್ಡಿನಲ್ಲಿ ಹೊಸದಾಗಿ ಯಾರೂ ಜ್ವರ ಹಿಡಿದು ಮಲಗಲಿಲ್ಲವಂತೆ. ಆ ಪುಣ್ಯ ತಮ್ಮದೇ, ಇಟ್ಟುಕೊಳ್ಳಿ.

ಆದರೆ ಜ್ವರ ಬಾರದವರ ಗತಿ ಏನಾಯಿತೆಂದು ತಮ್ಮ ಕಚೇರಿ ವಿಚಾರಿಸಿತೇ? ನಮ್ಮತ್ತೆಗೆ ನನ್ನೊಡನೆ ಜಗಳವಾಡದೆ ತುತ್ತು ಇಳಿಯುವುದಿಲ್ಲ. ನಾನು ಹೊಲಿಗೆ ಯಂತ್ರ ತುಳಿಯುತ್ತಾ, ಅವರು ಎದುರಿಗೆ ತಟ್ಟೆ ಹಿಡಿದು ಕೂತು, ವರ್ಷಗಟ್ಟಲೆ ನಡೆಸಿಕೊಂಡು ಬಂದ ಸಂಸಾರವಿದು. ವಾರ್ಡಿನಲ್ಲಿ ಎಲ್ಲರೂ "ಅಜ್ಜೀ, ಊಟ ಮಾಡಿ ಅಜ್ಜೀ" ಎಂದು ಬೆಣ್ಣೆ ಸವರಿದರೆ ಹಸಿವಾದರೂ ಎಲ್ಲಿಂದ ಬರಬೇಕು? ಗೋಡೆಗೆ ಮುಖ ತಿರುಗಿಸಿಬಿಟ್ಟರು. "ಮೂಗಿಗೆ ನಳಿಕೆ ಹಾಕಬೇಕಾಗುತ್ತೆ" ಎಂದು ವೈದ್ಯರು ಫೋನ್ ಮಾಡಿದರು.

ಓಡಿದೆ. ಕಾವಲುಗಾರ ಬಾಗಿಲಲ್ಲೇ ತಡೆದ. ನರ್ಸಮ್ಮನಿಗೆ ಕನಿಕರ ಬಂದು, ಮಂಚವನ್ನು ಬೀದಿ ಕಡೆಯ ಕಿಟಕಿಗೆ ತಳ್ಳಿಸಿದರು. ಅತ್ತೆಗೆ ಕಿವಿ ಮಂದ. ಹೊರಗೆ ನಿಂತು ಕಿರುಚಿದೆ:

"ಊಟ ಬಿಟ್ಟಿದ್ದೀರಂತೆ? ಒಳ್ಳೇದಾಯ್ತು ಬಿಡಿ ಅತ್ತೆ, ಬಟ್ಟೆ ರಾಶಿ ಹಾಕೋಕೆ ಮನೇಲಿರೋ ನಿಮ್ಮ ಮಂಚ ಬೇಕಿತ್ತು!"

ಗೋಡೆ ನೋಡುತ್ತಿದ್ದ ತಲೆ ಗಕ್ಕನೆ ತಿರುಗಿತು.

"ಮುಟ್ಟಿ ನೋಡು ನನ್ನ ಮಂಚಾನ! ಊರವರಿಗೆಲ್ಲ ಹೊಲೀತಾಳೆ, ನನ್ನ ಮಗನ ಅಂಗಿಗೆ ಗುಂಡಿ ಹಾಕೋಕೆ ಇವಳಿಗೆ ಪುರಸೊತ್ತಿಲ್ಲ! ಸಿಸ್ಟರ್, ತಗೊಂಡು ಬಾರಮ್ಮಾ ಆ ತಟ್ಟೆ!"

ತಟ್ಟೆ ಖಾಲಿಯಾಗುವವರೆಗೂ ಬೈದರು. ನಾನು ಕಣ್ಣೊರೆಸಿಕೊಳ್ಳುತ್ತಲೇ ಎದುರುತ್ತರ ಕೊಟ್ಟೆ. ನಮ್ಮ ಮನೆಯ ಗುಟ್ಟೆಲ್ಲ ಬೀದಿಗೆ ಬಿತ್ತು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸನ್ನೇ ಬಿಟ್ಟು ನಿಂತು ಕೇಳಿದರು. ಹೀಗೆ ಗುಂಪು ಸೇರುವುದೂ ತಮ್ಮ ಆದೇಶದಲ್ಲಿ ನಿಷಿದ್ಧವಲ್ಲವೇ?

ನಳಿಕೆ ತಪ್ಪಿತು. ಅತ್ತೆ ಈಗ ಉಣ್ಣುತ್ತಿದ್ದಾರೆ. ಆದರೆ ನಡುಸಾಲಿನಲ್ಲಿ ಮಲಗಿರುವವರಿಗೆ ಕಿಟಕಿ ಎಲ್ಲಿದೆ? ಅಲ್ಲಿನ ಮುದುಕರೊಬ್ಬರ ಹೆಂಡತಿ ದಿನವೂ ಗೇಟಿನವರೆಗೆ ಬಂದು, ಸುಮ್ಮನೆ ನಿಂತು, ಹಿಂತಿರುಗುತ್ತಾರೆ. ಇದನ್ನು ತಾವು ಯಾವ ಲೆಕ್ಕಕ್ಕೆ ಸೇರಿಸಿಕೊಂಡಿರಿ?

ಬಳಗವನ್ನೆಲ್ಲ ಒಳಗೆ ಬಿಡಿ ಎನ್ನುತ್ತಿಲ್ಲ. ನಮ್ಮ ಭಾವನವರನ್ನಂತೂ ಖಂಡಿತ ಬೇಡ. ರೋಗಿಗೆ ಒಬ್ಬರಂತೆ, ಆರೋಗ್ಯವಾಗಿರುವವರು, ಕೈ ತೊಳೆದು ಮಾಸ್ಕ್ ಹಾಕಿಕೊಂಡು, ಊಟದ ಹೊತ್ತಿಗಷ್ಟೇ ಬರಲಿ. ಮೊದಲು ಗೇಟಿನಿಂದ ಹಿಂತಿರುಗುವ ಆ ಅಜ್ಜಿಯನ್ನು ಒಳಗೆ ಬಿಡಿ. ನಾವು ಜಗಳಗಂಟರು ಆಮೇಲೆ ಬರುತ್ತೇವೆ.

ಇಂತಿ,
ಗಂಟಲು ಕಟ್ಟಿರುವುದರಿಂದ ಸದ್ಯಕ್ಕೆ ಕಾಗದದಲ್ಲೇ ವಾದಿಸುತ್ತಿರುವ
ಒಬ್ಬ ಸೊಸೆ