ದೋಣಿಯ ಉಡಿ

ಅತ್ತೆಯವರಿಗೆ,

ಸೊಸೆ ಶೈಲಶ್ರೀ ಉಪ್ಪಲಿನ ಮನೆಯಿಂದ ನಿಮ್ಮ ಪಾದ ಮುಟ್ಟಿ ಬರೆಯುತ್ತಿರುವುದು.

ನೀವು ಬೀದರಿಗೆ ಮಗಳ ಮನೆಗೆ ಹೋದಾಗಿನಿಂದ ದಿನಾ ಫೋನಿನಲ್ಲಿ ಮಾತಾಡುತ್ತೇವೆ. ಆದರೂ ಈ ಮಾತು ಬಾಯಿಗೆ ಬರಲಿಲ್ಲ. ಫೋನಿನಲ್ಲಿ ಹೇಳಹೊರಟರೆ ನಾನು ಅಳುತ್ತೇನೆ, ನೀವು ಪೂರ್ತಿ ಕೇಳುವ ಮೊದಲೇ "ಇರ್ಲಿ ಬಿಡವಾ" ಅಂದುಬಿಡುತ್ತೀರಿ. ಅಷ್ಟು ಅಗ್ಗದ ಕ್ಷಮೆ ನನಗೆ ಬೇಡ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ಕುಳಿತು ಓದಿರಿ. ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಾರ್ಖಾನೆಯ ದೋಣಿ ಮುಗ್ಗರಿಸಿ, ಅದನ್ನು ಓಡಿಸುತ್ತಿದ್ದ ಹುಡುಗ ಪವನನ ಭುಜದ ಎಲುಬು ಮುರಿಯಿತಲ್ಲ, ಅದರಲ್ಲಿ ನಮ್ಮ ಕೆಲಸಗಾರ ಸಾಬಣ್ಣನವರ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪು ನನ್ನದು.

ನೀವು ಊಟದ ಡಬ್ಬಿ ಹಿಡಿದು ಕಾರ್ಖಾನೆಗೆ ಬಂದ ದಿನ ನೆನಪಿದೆಯಲ್ಲ? ಕೆಲಸಗಾರರೆಲ್ಲ ಊಟಕ್ಕೆ ಹೋಗಿದ್ದರು. ನಾನೊಬ್ಬಳೇ ನಿಂತು ಮಾಡಿಸಿದ ಮೊದಲ ಮೋಟಾರ್ ದೋಣಿ ಅದು. ನೀವು ಅದರ ಸುತ್ತ ಒಂದು ಸುತ್ತು ಹಾಕಿ, ಗಲ್ಲ ಸವರಿದ ಹಾಗೆ ಅದರ ಮೂತಿ ಸವರಿ, "ಎಷ್ಟ್ ಚಂದ ಅದಾಳಲ್ಲ ಹುಡುಗಿ" ಅಂದಿರಿ. ನನಗೆ ಎಂಥ ಜಂಬ! ನೆಲದ ಹಲಗೆ ಎತ್ತಿ ಒಳಗಿನ ಹೊಟ್ಟೆಯನ್ನೂ ತೋರಿಸಿದೆ. ಹೊಟ್ಟೆಯಲ್ಲಿ ಮೂರು ಕೋಣೆ, ನಡುವೆ ಅಡ್ಡಗೋಡೆ, ಪ್ರತಿ ಗೋಡೆಯ ಬುಡದಲ್ಲಿ ಹೆಬ್ಬೆರಳು ಹೋಗುವಷ್ಟು ಒಂದು ತೂತು. ಎಷ್ಟೇ ಬಿಗಿ ಮಾಡಿದರೂ ದೋಣಿಯೊಳಗೆ ಒಂದಿಷ್ಟು ನೀರು ಬಂದೇ ಬರುತ್ತದೆ. ಬಚ್ಚಲ ನೀರು ಮೋರಿಗೆ ಹರಿದಂತೆ ಅದು ಈ ತೂತುಗಳಿಂದ ಹಿಂದಿನ ಕೋಣೆಗೆ ಹರಿಯಬೇಕು. ಅಲ್ಲಿ ಪಂಪು ಇದೆ, ನೀರು ಏರಿದರೆ ತಾನೇ ಓಡಿ ಹೊರಗೆ ಚೆಲ್ಲುತ್ತದೆ. ಆ ತೂತುಗಳನ್ನು ಕೊರೆದವರು ಸಾಬಣ್ಣ. ಇಷ್ಟನ್ನೂ ನಿಮಗೆ ನಾನೇ ವಿವರಿಸಿದೆ, ಪಾಠ ಒಪ್ಪಿಸುವ ಮಗುವಿನ ಹಾಗೆ.

ನೀವು ಚೀಲದಿಂದ ಹಸಿರು ಖಣ ತೆಗೆದಿರಿ. "ಮೊದಲ ಸಲ ನೀರಿಗೆ ಹೋಗಾಕಿ, ಬರೇ ಉಡೀಲೆ ಕಳಸಬಾರದವಾ" ಅಂತ ಹೇಳಿ, ನಾನು ಎತ್ತಿದ ಹಲಗೆಯ ಕೆಳಗೆ, ಮುಂದಿನ ಕೋಣೆಯಲ್ಲೇ ಖಣ ಹಾಸಿ, ಐದು ಬೊಗಸೆ ಅಕ್ಕಿ ಹಾಕಿ, ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನ ಬೇರು ಇಟ್ಟಿರಿ. ನಾನು ಬೇಡ ಅನ್ನಬಹುದಿತ್ತು. ನಕ್ಕೆ. ತುಂಬಿದ ಉಡಿಯನ್ನು ತುಂಬಿದವರ ಎದುರಿಗೆ ಬಿಚ್ಚಬಾರದಲ್ಲ, ನೀವು ಹೋದ ಮೇಲೆ ತೆಗೆದರಾಯಿತು ಅಂದುಕೊಂಡೆ.

ನೀವು ಆಟೋ ಹತ್ತಿ ಹೋದಿರಿ. ನಾನು ಬಂದು ಹಲಗೆ ಎತ್ತಿ ಕೈ ಹಾಕಿದೆ ಕೂಡ. ಮರೆತೆ ಅಂತ ಹೇಳಿದರೆ ಸುಳ್ಳಾಗುತ್ತದೆ, ಅತ್ತೆ. ಕೈ ಹಾಕಿದವಳು ತೆಗೆಯಲಿಲ್ಲ. ಎರಡನೆಯ ಸಲ ನನ್ನ ಹೊಟ್ಟೆಯಲ್ಲಿದ್ದದ್ದು ಹೋದ ಮೇಲೆ ನೀವು ನನಗೆ ಉಡಿ ತುಂಬುವುದನ್ನು ಬಿಟ್ಟಿರಿ. ಗಾಯ ಕೆದಕಬಾರದೆಂದು ಬಿಟ್ಟಿರಿ ಎಂದು ಈಗ ಅನ್ನಿಸುತ್ತದೆ. ಆಗ ನಾನು, ಇವಳಿಗಿನ್ನೇನು ಎಂದು ಬಿಟ್ಟರು ಅಂತಲೇ ತಿಳಿದಿದ್ದೆ. ಅಂಥವಳ ಕಣ್ಣೆದುರು ನನ್ನ ಕೈಯಿಂದಲೇ ಆದ ದೋಣಿಯ ಉಡಿ ತುಂಬಿ ಕೂತಿತ್ತು. ಅದನ್ನು ಬರಿದು ಮಾಡಲು ನನ್ನ ಕೈ ಬರಲಿಲ್ಲ. ಒಂದು ಓಡಾಟಕ್ಕೆ ಏನಾಗುತ್ತದೆ ಅಂತ ಹಲಗೆ ಮುಚ್ಚಿ ತಿರುಪು ಬಿಗಿದೆ. ಓದಿದವಳು ನಾನು. ತೂತು ಯಾತಕ್ಕಿದೆ ಎಂದು ಆಗಷ್ಟೇ ನಿಮಗೆ ಪಾಠ ಹೇಳಿದವಳು!

ಮರುದಿನ ಊರಾಚೆಯ ಕೆರೆಯಲ್ಲಿ ಪವನ ದೋಣಿ ಓಡಿಸಿದ. ಮೂತಿಯ ಮೇಲಿನ ಮುಚ್ಚಳದ ಸಂದಿಯಿಂದ ನೀರು ಇಳಿಯಿತು. ಖಣದ ಸೆರಗು ತೂತಿಗೆ ಹೊಕ್ಕಿತು, ಅದರ ಹಿಂದೆ ಅಕ್ಕಿ ನೆನೆದು ಉಬ್ಬಿ ಬಿರಡೆಯಾಯಿತು. ನೀರು ಮುಂದೆಯೇ ನಿಂತಿತು. ಹಿಂದಿನ ಕೋಣೆ ಒಣಗಿಯೇ ಇತ್ತು, ಪಂಪು ಸುಮ್ಮನಿತ್ತು, ಒಳಗೆ ನೀರಿಲ್ಲ ಎಂದು ಪವನ ವೇಗ ಏರಿಸಿದ. ತಿರುವಿನಲ್ಲಿ ಮೂತಿ ನೀರೊಳಗೆ ಇಳಿದು ಅವನು ಸ್ಟೇರಿಂಗಿಗೆ ಬಡಿದ. ದಡದಲ್ಲಿ ನಿಂತ ನನಗೆ ಆ ಸದ್ದು ಕೇಳಿಸಿತು. ಏನಾಯಿತು ಎನ್ನುವುದು ನನಗೆ ಆ ಕ್ಷಣವೇ ಗೊತ್ತಾಯಿತು.

ಅವನನ್ನು ಆಸ್ಪತ್ರೆಗೆ ಕಳಿಸುವ ಗದ್ದಲದಲ್ಲಿ ನಾನು ದೋಣಿಯೊಳಗೆ ಇಳಿದೆ. ಖಣ, ಅಕ್ಕಿ, ಎಲ್ಲ ಬಾಚಿ ದುಪ್ಪಟ್ಟಾದಲ್ಲಿ ಕಟ್ಟಿ ಜಾಲಿಕಂಟಿಗೆ ಎಸೆದೆ. ನಿಮ್ಮ ಹೆಸರು ಬರಬಾರದು ಅಂತ ಎಸೆದೆ ಎಂದು ಇಷ್ಟು ದಿನ ನನಗೇ ಹೇಳಿಕೊಂಡೆ. ಅದೂ ಅರ್ಧವೇ ನಿಜ. ನನ್ನ ಹೆಸರು ಬರುತ್ತದೆಂಬ ಹೆದರಿಕೆಯೂ ಇತ್ತು. ಮಾಲೀಕರು ಬಂದು ನೋಡಿ, ಮೂತಿ ಮುಳುಗುವಷ್ಟು ನೀರು ಮುಂದೆ ಕಟ್ಟಿಕೊಂಡಿತ್ತೆಂದರೆ, ಸಾಬಣ್ಣ ತೂತಿನಲ್ಲಿ ದೋಣಿಗೆ ಅಂಟಿಸುವ ಫೈಬರ್ ಬಟ್ಟೆಯ ಚೂರು ಬಿಟ್ಟಿರಬೇಕು ಅಂದರು. ಕೆಲಸ ಮುಗಿಸಿ ಕಸ ಬಿಟ್ಟು ಎದ್ದುಹೋಗುವುದರಲ್ಲಿ ಸಾಬಣ್ಣನವರದು ಮೊದಲಿಂದಲೂ ಹೆಸರು, ನಾನೇ ಎಷ್ಟೋ ಸಲ ಬೈದಿದ್ದೇನೆ. ಅವತ್ತೇ ಅವರನ್ನು ಕೆಲಸದಿಂದ ಬಿಡಿಸಿದರು. ಅವರು ಜಗಳಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ನನ್ನ ಕೈ ತಪ್ಪೇ ಇರಬೇಕ್ರಿ ಮೇಡಂ, ನೆನಪಾಗವಲ್ದು" ಅಂದರು.

ಕ್ಷಮೆ ಕೇಳಲು ಮನೆಗೂ ಬಂದರಲ್ಲ, ನನ್ನ ಮೊದಲ ದೋಣಿಯ ಹೆಸರು ಕೆಡಿಸಿದೆ ಎಂದು. ನೀವು ಚಹಾ ಕೊಟ್ಟು, ಲೋಟ ಕೆಳಗಿಡುವ ಮೊದಲೇ ಶುರು ಮಾಡಿದಿರಿ: "ಕೆಲಸಾ ಮಾಡಿದ ಮ್ಯಾಲೆ ಕಸಾ ತಗೀಬೇಕಂತ ತಿಳಿಯಂಗಿಲ್ಲೇನಪಾ? ಹಡೆದಾಕಿ ಹೊಟ್ಟಿಗೆ ಬೆಂಕಿ ಬೀಳ್ತಿತ್ತಲ್ಲೋ!" ಆ ಐವತ್ತರ ಗಂಡಸು ತಲೆ ತಗ್ಗಿಸಿ "ಹೌದ್ರಿ ಅಮ್ಮಾರ" ಅನ್ನುತ್ತ ಕೂತಿದ್ದರು. ನಾನು ಅಡುಗೆಮನೆಯಲ್ಲಿ ಉರಿಯದ ಒಲೆಯ ಮುಂದೆ ನಿಂತಿದ್ದೆ. ಹೊರಗೆ ಬರಲಿಲ್ಲ. ಅವರು ಹೋದ ಮೇಲೆ ಪಕ್ಕದ ಮನೆಯವರಿಗೆ ನೀವು, "ನಾ ಉಡಿ ತುಂಬಿದ್ದಕ್ಕ ಆ ಹುಡುಗನ ಜೀವಾ ಉಳೀತ್ರಿ" ಅಂದಿರಿ. ನಿಮ್ಮ ಮುಖದಲ್ಲಿ ಎಂಥ ನೆಮ್ಮದಿ ಇತ್ತು! ಅದನ್ನು ಕಿತ್ತುಕೊಳ್ಳುವ ಧೈರ್ಯ ನನಗಾಗಲಿಲ್ಲ. ನಿಮ್ಮ ನೆಮ್ಮದಿಯ ಬೆಲೆಯನ್ನು ಮಾತ್ರ ಸಾಬಣ್ಣ ತೆರುತ್ತಿದ್ದರು. ಬೇರೆಡೆ ಕೆಲಸ ಸಿಕ್ಕರೂ ಅವರು ಹೋಗಲಿಲ್ಲವಂತೆ. ಡ್ರಿಲ್ ಹಿಡಿದರೆ ಪವನನ ಮುಖ ಕಾಣುತ್ತದೆ ಅಂದರಂತೆ.

ಅದನ್ನು ಕೇಳಿದ ಮೇಲೆ ತಡೆಯಲಾಗಲಿಲ್ಲ. ನಿನ್ನೆ ನಿಮ್ಮ ಮಗನಿಗೆ ಹೇಳಿದೆ, ಆಸ್ಪತ್ರೆಗೆ ಹೋಗಿ ಪವನನಿಗೆ ಹೇಳಿದೆ, ಮಾಲೀಕರಿಗೆ ಹೇಳಿದೆ. ಪವನ ಗೋಡೆಯ ಕಡೆ ತಿರುಗಿ ಮಲಗಿದ. ಮಾಲೀಕರು ಮುಂದಿನ ದೋಣಿಯನ್ನು ನನ್ನ ಕೈಯಿಂದ ತೆಗೆದರು, ಸಾಬಣ್ಣನವರನ್ನು ಕರೆಸಿ ಅಂದರು. ಅವರ ಮನೆಗೆ ನಾನೇ ಹೋದೆ. ಎಲ್ಲ ಕೇಳಿ ತಮ್ಮ ಕೈ ನೋಡಿಕೊಂಡರು. "ಹಂಗಾರ ನನ್ನ ಕೈ ತಪ್ಪಲ್ಲೇನ್ರಿ?" ಅಂದರು. ಅಲ್ಲ ಅಂದೆ. ಮತ್ತೊಮ್ಮೆ ಕೇಳಿದರು. ಆಮೇಲೆ ಅಂದರು: "ಅಮ್ಮಾರಿಗೆ ಮಾತ್ರ ಹೇಳಬ್ಯಾಡ್ರಿ. ನಾ ಬೈಸ್ಕೊಂಡೀನಿ, ಆತು, ಮುಗೀತು. ಹಿರೇರು. ಇದು ಗೊತ್ತಾದ್ರ, ಇನ್ನ ಮುಂದ ಯಾರ ಉಡಿ ತುಂಬಾಕೂ ಅವರ ಕೈ ನಡಗತಾವ."

ಅವರ ಮಾತು ಮೀರಿ ಬರೆಯುತ್ತಿದ್ದೇನೆ, ಅತ್ತೆ. ನಿಮ್ಮನ್ನು ಕಾಯುತ್ತೇನೆಂದು ಒಮ್ಮೆ ಬಾಯಿ ಮುಚ್ಚಿ ಏನಾಯಿತು ನೋಡಿದ್ದೇನೆ. ನೀವು ತುಂಬಿದ್ದರಲ್ಲಿ ದೋಷವಿರಲಿಲ್ಲ, ತೆಗೆಯಬೇಕಾದವಳು ನಾನಿದ್ದೆ. ಬೀದರಿನಿಂದ ಬಂದವರೇ ಮೊದಲು ಸಾಬಣ್ಣನವರ ಮನೆಗೆ ಹೋಗಿರಿ. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಬೈಯಿರಿ, ಅವರನ್ನು ಬೈದಷ್ಟೇ ಜೋರಾಗಿ, ಪಕ್ಕದ ಮನೆಗೂ ಕೇಳಿಸಲಿ. ಬೈದು ಮುಗಿದ ಮೇಲೆ ಕೈ ನಡುಗದಿದ್ದರೆ, ಮಗು ಆಗಲಿ ಬಿಡಲಿ, ನನಗೊಂದು ಸಲ ಉಡಿ ತುಂಬಿರಿ.

ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಬಸವಣ್ಣ ನಿಮ್ಮನ್ನು ಸುಖವಾಗಿಟ್ಟಿರಲಿ.

ನಿಮ್ಮ ದಾರಿ ಕಾಯುತ್ತಿರುವ ಸೊಸೆ,
ಶೈಲಶ್ರೀ