ಟೋ ಬಾರ್ ವಾಪಸ್ಸು

ಸೀಕಾಕಸ್
೧೮ ಅಕ್ಟೋಬರ್ ೧೯೯೯

ಈಶಣ್ಣನವರಿಗೆ ಕಾಶಿಬಾಯಿಯ ನಮಸ್ಕಾರ.

ಅಡುಗೆ, ನಿದ್ದೆ ಎಲ್ಲ ಒಳಗೇ ಆಗುವ ನಮ್ಮ ಪುಟ್ಟ ಮೋಟರ್‌ಹೋಮ್‌ನ ಹಿಂದೆ ಕಾರು ಎಳೆದುಕೊಂಡು ಹೋಗಲು ನೀವು ಕೊಟ್ಟಿದ್ದ ಟೋ ಬಾರ್ ಇನ್ನು ಬೇಡ. ಕಾರು ಮನೆಯಲ್ಲೇ ಇರುತ್ತದೆ.

ಕಾರು ಬೇಕೇ ಬೇಕೆಂದು ಹಠ ಹಿಡಿದವಳು ನಾನೇ. ತರಕಾರಿ ತರಲು ಎಂದು ನಮ್ಮ ಯಜಮಾನರಿಗೆ ಹೇಳಿದ್ದೆ. ನಿಜವಾಗಿ, ದೂರದ ಕ್ಯಾಂಪಿನಲ್ಲಿ ಇವರಿಗೆ ಮತ್ತೆ ಎದೆನೋವು ಬಂದರೆ ಆಸ್ಪತ್ರೆಗೆ ಒಯ್ಯಬೇಕಲ್ಲ, ನನಗೆ ಕಾರು ಬಿಟ್ಟರೆ ಬೇರೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಇದನ್ನು ಇವರಿಗೆ ಹೇಳಬೇಡಿ.

ಈಗ ಬರುತ್ತದೆ. ನಾಲ್ಕು ಭಾನುವಾರ ಗೋದಾಮುಗಳ ಖಾಲಿ ಪಾರ್ಕಿಂಗ್‌ನಲ್ಲಿ ಇವರೇ ಮೋಟರ್‌ಹೋಮ್ ಓಡಿಸುವುದನ್ನು ಕಲಿಸಿದರು. “ಕನ್ನಡಿ ನೋಡು, ನನ್ನ ಮಾರಿ ಏನ್ ನೋಡ್ತಿ?” ಎಂದು ಗದರಿದ್ದೇ ಗದರಿದ್ದು.

ಎರಡು ಸಾವಿರ ಇಸವಿ ಹುಟ್ಟಿದಾಗ ಕಂಪ್ಯೂಟರುಗಳು ಕೆಡಬಾರದೆಂದು ನಿಮ್ಮ ಆಫೀಸಿನಲ್ಲಿ ನಡೆದಿರುವ ವೈಟುಕೆ ಗಡಿಬಿಡಿಯಲ್ಲಿ ಬಿಡುವಾದಾಗ ಬಂದು ಬಾರ್ ಒಯ್ಯಿರಿ. ಅದು ಬಲು ಭಾರ, ಇವರು ಕೈ ಹಚ್ಚಲು ಬಂದರೆ ಬಿಡಬೇಡಿ. ಊಟ ಇಲ್ಲೇ ಮಾಡಿ.

ನಿನ್ನೆ ನ್ಯೂಯಾರ್ಕ್‌ನ ಆ ತುದಿಯ ಬೆಲ್‌ರೋಸ್‌ವರೆಗೆ ಮೋಟರ್‌ಹೋಮ್ ನಾನೇ ಓಡಿಸಿದೆ. ಇವರು ಪಕ್ಕದ ಸೀಟಿನಲ್ಲಿ ನಿದ್ದೆ ಹೋದರು. ಹೋಗುವಾಗಲೂ ಬರುವಾಗಲೂ ರಸ್ತೆ, ಕನ್ನಡಿ ಬಿಟ್ಟು ಒಮ್ಮೆಯೂ ಇವರ ಮುಖ ನೋಡಲಿಲ್ಲ. ಗೊರಕೆ ಕೇಳಿಸುತ್ತಿತ್ತು.

ಇಂತಿ,
ಕಾಶಿಬಾಯಿ