ಅಜ್ಜಿಗೆ ಮೂರು ಪುಸ್ತಕ

ಅಜ್ಜಿ,

ಕಾಲೇಜಿಗೆ ಹೊರಟೆ. ಓದೋದು ಕಲಿತಾಯ್ತು, ಪುಸ್ತಕ ತಂದ್ಕೊಡು ಅಂತ ಪ್ರಾಣ ತಿಂತಿದ್ದೆಯಲ್ಲಾ, ಲೈಬ್ರರಿಯಿಂದ ಮೂರು ತಂದು ಟೀವಿ ಪಕ್ಕ ಇಟ್ಟಿದ್ದೀನಿ.

ತಾರಸಿ ತೋಟದ್ದು ಮೊದಲು ಓದು, ಅಕ್ಷರ ದಪ್ಪಗಿದೆ. ಅಬ್ಬಿಗೆರೆಯಲ್ಲಿ ಹೊಲ ತುಂಬ ಬದನೆ ಬೆಳೆದೋಳು ನೀನು. ತಪ್ಪು ಸಿಕ್ಕಿದ್ರೆ ಬೈಕೋ, ಪುಸ್ತಕದ ಮೇಲೆ ಮಾತ್ರ ಗೀಚಬೇಡ.

ಅಡುಗೆ ಪುಸ್ತಕದಲ್ಲಿ ಬಸ್ಸಾರಿಗೆ ಸಕ್ಕರೆ ಹಾಕಿ ಅಂತಾರೆ. ಓದಿ ನಕ್ಕುಬಿಡು, ಮಾಡಬೇಡ.

ಮನೆ ರಿಪೇರಿ ಪುಸ್ತಕ ಅಪ್ಪನ ಕಣ್ಣಿಗೆ ಬೀಳಬಾರದು. ಹೋದ ವಾರ ನಲ್ಲಿ ಬಿಚ್ಚಿ ಅಡುಗೆಮನೇನ ಕೆರೆ ಮಾಡಿದ್ದೇ ಸಾಕು.

ಒತ್ತಕ್ಷರ ತಡೆದ್ರೆ ಪಕ್ಕದ ಮನೆ ಪಂಕಜಾ ಆಂಟೀನ ಕರೀಬೇಡ, ಬೆರಳಿಟ್ಟು ನಿಧಾನಕ್ಕೆ ಓದು.

ಇಷ್ಟು ವರ್ಷ ನೀನು ಮನೇಲಿಲ್ಲದಾಗ ನಿನಗೆ ಹೇಳೋದನ್ನೆಲ್ಲ ಅಪ್ಪನ ಹತ್ರ ಹೇಳಿ ಹೋಗ್ತಿದ್ದೆ. ಇವತ್ತು ಮೊದಲ ಸಲ ನಿನಗೇ ಬರೆದಿದ್ದೀನಿ.

ಸೌಜನ್ಯ